ಮರದಚ್ಚಿನ ಚಿತ್ರವೂ ಮನೆಯ ಶುಭಾಶಯವೂ

ಚಿತ್ರದುರ್ಗವೆಂಬ ಹೆಸರಿನ ಮೊದಲಲ್ಲಿಯೇ ಚಿತ್ರವು ಕುಳಿತಿದೆ. ಆದರೂ ಆ ಊರಿನಿಂದಾಗಲಿ, ಅದರ ಸುತ್ತಣ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದಾಗಲಿ ಸಂಕ್ರಾಂತಿ ಯುಗಾದಿಗಳಿಗೆ ಹೊರಡುವ ಶುಭಾಶಯ ಪತ್ರಗಳನ್ನೂ, ವೈಶಾಖ ಜ್ಯೇಷ್ಠಗಳಲ್ಲಿ ಮನೆಮನೆಗೆ ಬಂದು ಬೀಳುವ ಲಗ್ನಪತ್ರಿಕೆಗಳನ್ನೂ ಒಂದೆಡೆ ಹರಡಿ ನೋಡಿದರೆ, ಇವು ಇಂತಹ ಸೀಮೆಯವು ಎಂದು ಸಾರುವ ಒಂದು ಗೆರೆಯಾದರೂ ಅವುಗಳಲ್ಲಿ ದೊರಕುವುದು ದುರ್ಲಭವು. ಹೊನ್ನಿನ ಮಸಿಯಲ್ಲಿ ಮಿರುಗುವ ಗಣಪತಿ, ಕೆಂಪು ಗುಲಾಬಿ, ಎರಡು ದೀಪ, ಒಂದು ಕಲಶ: ಹೆಸರುಗಳ ಮೇಲೆ ಕೈಯಿಟ್ಟು ಮುಚ್ಚಿದರೆ ಮದುವೆಯು ಮಧುರೆಯದೋ ಹೊಸದುರ್ಗದ್ದೋ ತಿಳಿಯದು. ಕವಿಗಳನ್ನೋದಿ, ಶಾಸನಗಳ ವಿಚಾರದಲ್ಲಿ ಚರ್ಚೆಮಾಡಿ, ಕೋಟೆಯ ಏಳು ಸುತ್ತುಗಳನ್ನು ಅತಿಥಿಗಳಿಗೆ ಅಭಿಮಾನದಿಂದ ತೋರಿಸುವ ವಿದ್ಯಾವಂತ ಕುಟುಂಬಗಳೇ ಈ ದಾರಿದ್ರ್ಯವನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿರುವುದು ಸೋಜಿಗವಲ್ಲವೆ?

ಇದಕ್ಕೆ ತಕ್ಕ ಮದ್ದು ಬಹುಕಾಲದಿಂದ ಲೋಕದಲ್ಲಿದೆ. ಅದು ಮರದಚ್ಚಿನ ಚಿತ್ರ. ಪಶ್ಚಿಮ ದೇಶಗಳಲ್ಲಿ ಖಾಸಗಿ ಅಚ್ಚುಕೂಟಗಳೆಂದು ಕರೆಯಿಸಿಕೊಳ್ಳುವ ಸಣ್ಣ ಮುದ್ರಣಶಾಲೆಗಳುಂಟು. ವ್ಯಾಪಾರದ ಲಾಭಕ್ಕಿಂತ ಒಡೆಯನ ಅಭಿರುಚಿಯೇ ಅವುಗಳ ಬಂಡವಾಳ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸನು 1891ರಲ್ಲಿ ಸ್ಥಾಪಿಸಿದ ಕೆಲ್ಮ್ಸ್‌ಕಾಟ್ ಅಚ್ಚುಕೂಟವು ಈ ಮಾರ್ಗಕ್ಕೆ ಮೇಲ್ಪಂಕ್ತಿಯಾಯಿತು. 1896ರಲ್ಲಿ ಅಲ್ಲಿಂದ ಹೊರಬಂದ ಚಾಸರ್ ಕವಿಯ ಕೃತಿಗಳಲ್ಲಿ ಬರ್ನ್ ಜೋನ್ಸನ 87 ಚಿತ್ರಗಳು ಮರದಲ್ಲಿ ಕೊರೆಯಲ್ಪಟ್ಟಿದ್ದುವು. ವೇಲ್ಸ್ ನಾಡಿನ ಹಳ್ಳಿಗಾಡಿನ ಒಂದು ದೊಡ್ಡ ಮನೆಯಲ್ಲಿ ಡೇವೀಸ್ ಮನೆತನದ ಇಬ್ಬರು ಸಹೋದರಿಯರು, ಗ್ವೆಂಡಲಿನ್ ಮತ್ತು ಮಾರ್ಗರೆಟ್ ಎಂಬವರು, 1922ರಲ್ಲಿ ಗ್ರೆಗಿನಾಗ್ ಅಚ್ಚುಕೂಟವನ್ನು ತೆರೆದರು. ಆಗ್ನೆಸ್ ಮಿಲ್ಲರ್ ಪಾರ್ಕರ್ ಎಂಬಾಕೆ ಈಸೋಪನ ಕಥೆಗಳಿಗಾಗಿ ಕೊರೆದ ಪ್ರಾಣಿಗಳ ಚಿತ್ರಗಳು ಅಲ್ಲಿಂದಲೇ ಪ್ರಕಟವಾದುವು. ಅದೇ ಅಚ್ಚುಕೂಟವು ಆ ಮನೆಯ ಸಂಗೀತ ಸಭೆಗಳ ಕಾರ್ಯಕ್ರಮ ಪತ್ರಿಕೆಗಳನ್ನೂ ಕ್ರಿಸ್‌ಮಸ್ ಶುಭಾಶಯ ಪತ್ರಗಳನ್ನೂ ಅದೇ ಶ್ರದ್ಧೆಯಿಂದ ಮುದ್ರಿಸುತ್ತಿತ್ತೆಂಬುದನ್ನು ಮರೆಯತಕ್ಕುದಲ್ಲ. 1940ರಲ್ಲಿ ನಿಂತುಹೋದ ಆ ಕೆಲಸವು 1978ರಲ್ಲಿ ಮತ್ತೆ ಮೊದಲಾಯಿತು.

ಇಂತಹ ಅಚ್ಚುಕೂಟಗಳ ಮರದಚ್ಚುಗಳನ್ನು ಶುಭಾಶಯ ಪತ್ರಗಳ ಮೇಲೆ ಒತ್ತಿ ಹಂಚುವುದರ ವಿಷಯವಾಗಿ ಗ್ರಂಥಪ್ರಿಯರಲ್ಲಿ ಒಂದು ಪಕ್ಷದವರು ಮೂಗು ಮುರಿಯುತ್ತಾರೆ. ಗ್ರಂಥಕ್ಕಾಗಿ ಹುಟ್ಟಿದ ಚಿತ್ರವನ್ನು ಕಾರ್ಡಿಗೆ ಇಳಿಸುವುದು ಗರ್ಭಗುಡಿಯ ದೀಪವನ್ನು ಸಂತೆಗೆ ತಂದಿಟ್ಟಂತೆ ಎಂಬುದು ಅವರ ವಾದ. ಕೇಳುವುದಕ್ಕೆ ಇದು ಬಹು ಗಂಭೀರವಾಗಿದೆ, ವಿಚಾರಿಸಿದರೆ ಟೊಳ್ಳು. ಕೆಲವು ನೂರು ಪ್ರತಿಗಳು ಮಾತ್ರ ಅಚ್ಚಾಗಿ, ಶ್ರೀಮಂತರ ಗಾಜಿನ ಕಪಾಟುಗಳಲ್ಲಿ ಬೀಗದೊಳಗಿರುವ ಗ್ರಂಥವನ್ನು ನೋಡುವವರೆಷ್ಟು ಮಂದಿ? ಆ ಗ್ರಂಥದೊಳಗಣ ಒಂದು ನರಿಯ ಚಿತ್ರವು ಅಂಗೈಯಗಲದ ಕಾರ್ಡಿನ ಮೇಲೆ ಬಂದು ಶಾಲೆಯ ಉಪಾಧ್ಯಾಯನೊಬ್ಬನ ಮನೆಯ ಗೋಡೆಯ ಗೂಡಿನಲ್ಲಿ ವರುಷವಿಡೀ ನಿಂತರೆ ಆ ನರಿಗೆ ಬಂದ ಕುಂದೇನು?

ಅದಲ್ಲದೆ ಈ ಕಲೆಯ ಹುಟ್ಟನ್ನೇ ಆ ಪಕ್ಷದವರು ಮರೆತಿರುವಂತಿದೆ. ಮರದಚ್ಚಿನ ಕೆತ್ತನೆಯನ್ನು ಉನ್ನತ ಸ್ಥಿತಿಗೆ ತಂದ ಥಾಮಸ್ ಬ್ಯೂಯಿಕನು (1753–1828) ನ್ಯೂಕಾಸಲ್ ಪಟ್ಟಣದ ಒಂದು ಸಾಮಾನ್ಯ ಕೆತ್ತನೆಯ ಅಂಗಡಿಯಲ್ಲಿ ಪಳಗಿದವನು. ಬೆಳ್ಳಿಯ ಪಾತ್ರೆಗಳ ಮೇಲೆ ಹೆಸರು ಕೆತ್ತುವುದು, ವ್ಯಾಪಾರಿಗಳ ಬಿಲ್ಲುಗಳಿಗೂ ಕಾರ್ಡುಗಳಿಗೂ ಚಿತ್ರ ಮಾಡಿಕೊಡುವುದು ಅಲ್ಲಿಯ ನಿತ್ಯದ ಕೆಲಸವಾಗಿತ್ತು. 1790ರ ಚತುಷ್ಪಾದಿಗಳ ಚರಿತ್ರೆಯೂ 1797ರಿಂದ ಬಂದ ಪಕ್ಷಿಗಳ ಚರಿತ್ರೆಯೂ ಅದೇ ಕೈಯ ಫಲಗಳು. ಹೀಗಿರುವಲ್ಲಿ ಕಾರ್ಡಿಗೆ ಹೋಗುವ ಮರದಚ್ಚು ತನ್ನ ತವರಿಗೇ ಹೋಗುತ್ತದೆನ್ನಬೇಕು.

ಈ ಕೆಲಸದ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಹಲಗೆಯ ಉದ್ದದ ಮೈಯನ್ನು ಚಾಕುವಿನಿಂದ ಕೆತ್ತುವುದು ಒಂದು ಪದ್ಧತಿ; ಅದು ಹಳೆಯದು, ಒರಟಾದುದು. ದಿಮ್ಮಿಯನ್ನು ಅಡ್ಡಲಾಗಿ ಕೊಯ್ದು, ಆ ಕೊಯ್ದ ಮುಖವನ್ನು ಕನ್ನಡಿಯಂತೆ ನುಣುಪುಮಾಡಿ, ಉಕ್ಕಿನ ಕೊರೆಯುಳಿಯಿಂದ ಗೀರುವುದು ಇನ್ನೊಂದು. ಬ್ಯೂಯಿಕನು ಬೆಳೆಸಿದುದು ಇದನ್ನೇ. ಅಡ್ಡಕೊಯ್ತದ ಮರದಲ್ಲಿ ಎಳೆಗಳು ಉಳಿಯನ್ನು ಎಳೆದಾಡವಾದುದರಿಂದ ಕೂದಲೆಳೆಯ ಗೆರೆಯನ್ನೂ ತಿರುಗಿಸಬಹುದು. ಗೀರಿದ ಗೆರೆ ಬಿಳಿಯಾಗಿ ಉಳಿಯುತ್ತದೆ; ಗೀರದ ಭಾಗವು ಮಸಿಯನ್ನುಂಡು ಕಪ್ಪಾಗಿ ಅಚ್ಚಾಗುತ್ತದೆ. ಅಂದರೆ ಚಿತ್ರಕಾರನು ಕತ್ತಲೆಯಿಂದ ಹೊರಟು ಬೆಳಕನ್ನು ಬಿಡಿಸುತ್ತಾ ಹೋಗುತ್ತಾನೆ. ಮರದ ತುಂಡನ್ನು ಅಚ್ಚುಮೊಳೆಯ ಎತ್ತರಕ್ಕೆ ಸರಿಯಾಗಿ ಸಿದ್ಧಪಡಿಸುವುದರಿಂದ ಅದನ್ನು ಅಕ್ಷರಗಳ ಜೊತೆಯಲ್ಲಿಯೇ ಚೌಕಟ್ಟಿನಲ್ಲಿ ಬಿಗಿದು ಒಂದೇ ಒತ್ತಿನಲ್ಲಿ ಮುದ್ರಿಸಬಹುದು. ಸಾವಿರಾರು ಪ್ರತಿಗಳನ್ನು ತೆಗೆದರೂ ಒಳ್ಳೆಯ ಅಚ್ಚು ಸವೆಯದು. ಈ ಕೆಲಸಕ್ಕೆ ಪಾಶ್ಚಾತ್ಯರು ಬಳಸುವ ಬಾಕ್ಸ್ ಮರವು ಈ ಸೀಮೆಯಲ್ಲಿಲ್ಲ, ನಿಜ. ಆದರೆ ಬಿಕ್ಕೆಯ ಜಾತಿಯ ಮರಗಳನ್ನು ಅದಕ್ಕೆ ಬದಲಾಗಿ ಬಳಸಬಹುದೆಂದು ಅರಣ್ಯಶಾಸ್ತ್ರದ ಹಳೆಯ ಗ್ರಂಥಗಳೇ ಸೂಚಿಸಿವೆ. ಒಣಕಾಡಿನ ಆ ಮರವು ಈ ಜಿಲ್ಲೆಯವರಿಗೆ ಅಪರಿಚಿತವಾದುದಲ್ಲ.

ಶುಭಾಶಯ ಪತ್ರವೆಂಬುದೇ ಪರದೇಶದ ಆಚಾರ, ಬೇವುಬೆಲ್ಲ ಎಳ್ಳುಬೆಲ್ಲಗಳಿರುವ ನಾಡಿಗೆ ಅದೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಎಳ್ಳು ಬೀರಲು ಮನೆಗೇ ಹೋಗುವುದಕ್ಕೂ, ಬನ್ನಿಯನ್ನು ಕೈಯಲ್ಲಿ ಕೊಟ್ಟು ನಮಸ್ಕರಿಸುವುದಕ್ಕೂ ಸಾಟಿಯಾದುದು ಯಾವುದೂ ಇಲ್ಲ, ಒಪ್ಪತಕ್ಕ ಮಾತೇ. ಆದರೆ ಮಗಳು ಪುಣೆಯಲ್ಲಿ, ಮಗನು ಅಮೆರಿಕೆಯಲ್ಲಿ, ಚಿಕ್ಕಪ್ಪನು ಹುಬ್ಬಳ್ಳಿಯಲ್ಲಿರುವ ಮನೆಯು ಬನ್ನಿಯನ್ನು ಯಾರ ಕೈಗೆ ಕೊಡಬೇಕು? ಇನ್ನು ಪರದೇಶದ ಮಾತು. ಲಂಡನ್ನಿನಲ್ಲಿ ಹೆನ್ರಿ ಕೋಲನು ಹಾರ್ಸ್‌ಲಿಯೆಂಬ ಚಿತ್ರಕಾರನಿಂದ ಬರೆಯಿಸಿ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಕಲ್ಲಚ್ಚಿನಲ್ಲಿ ಒತ್ತಿಸಿ, ಕೈಯಿಂದ ಬಣ್ಣ ಹಾಕಿಸಿ, ಒಂದು ಷಿಲಿಂಗಿಗೆ ಮಾರಿದುದು 1843ರಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗನು ಅದೇ ಕಲ್ಲಚ್ಚಿನಲ್ಲಿ ಹೊರಡಿಸಿದುದೂ 1843ರಲ್ಲಿಯೇ, ಮರುವರುಷ ಅದು ನೆರೆಯ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ವೃತ್ತಪತ್ರಿಕೆಯನ್ನು ಪರದೇಶದ್ದೆಂದು ಯಾರೂ ಇಂದು ದೂರವಿಡುವುದಿಲ್ಲ. ಕಾರ್ಡಿಗೆ ಮಾತ್ರ ಈ ಮಡಿ ಏತಕ್ಕೆ? (ಕೋಲನ ಕಾರ್ಡಿನಲ್ಲಿ ಮಗುವಿಗೂ ದ್ರಾಕ್ಷಾರಸ ಕುಡಿಸುವ ಚಿತ್ರವಿದ್ದುದರಿಂದ ಪಾನನಿಷೇಧದ ಪಕ್ಷದವರು ಕೋಪಗೊಂಡರಂತೆ. ಹೊಸ ಕಾರ್ಡಿಗೆ ಮೂಗು ಮುರಿಯುವ ಪದ್ಧತಿಯೂ ಕಾರ್ಡಿನಷ್ಟೇ ಹಳೆಯದು.)

ಭರತಖಂಡದಲ್ಲಿಯೇ ಉದಾಹರಣೆ ಬೇಕೆನ್ನುವವರು ಶಾಂತಿನಿಕೇತನದ ಕಡೆಗೆ ನೋಡಲಿ. ನಂದಲಾಲ ಬೋಸರು 1930ರಲ್ಲಿ ದಂಡಿಯ ಯಾತ್ರೆಗೆ ಹೊರಟ ಗಾಂಧೀಜಿಯವರನ್ನು ಲಿನೋಲಿಯಂ ಹಾಸಿನ ಮೇಲೆ ಕೊರೆದು ಅಚ್ಚೊತ್ತಿದರು. ಕಪ್ಪು ಬಿಳಿ ಎರಡೇ. ಹೊನ್ನಿನ ಮಸಿಯೂ ಇಲ್ಲ, ಗುಲಾಬಿಯೂ ಇಲ್ಲ. ಅಂದಿನಿಂದ ಬಂದ ಸಾವಿರ ಬಣ್ಣದ ಪಟಗಳಲ್ಲಿ ಆ ದಂಡಧಾರಿಯ ಹೆಜ್ಜೆಯ ಬಲವು ಎಷ್ಟಕ್ಕಿದೆ? ಅದೇ ವರುಷ ರವೀಂದ್ರರ ‘ಸಹಜ ಪಾಠ’ವೆಂಬ ಮಕ್ಕಳ ಪುಸ್ತಕಕ್ಕೂ ಅವರು ಇಂತಹ ಚಿತ್ರಗಳನ್ನೇ ಒದಗಿಸಿದರು. ಅವರ ಜನ್ಮದಿನದ ನಿಮಿತ್ತ ಕಲಾಭವನದಲ್ಲಿ 1973ರಿಂದ ಡಿಸೆಂಬರ್ ತಿಂಗಳ ಮೊದಲ ಎರಡು ದಿನ ನಂದನ ಮೇಳವು ನಡೆಯುತ್ತಿದೆ. ವಿದ್ಯಾರ್ಥಿಗಳೂ ಗುರುಗಳೂ ತಾವೇ ಮಾಡಿದ ಕಾರ್ಡುಗಳನ್ನೂ ಪಂಚಾಂಗಗಳನ್ನೂ ಅಲ್ಲಿ ಮಾರುತ್ತಾರೆ. ಬಂದ ಹಣವು ವಿದ್ಯಾರ್ಥಿಗಳ ಸಹಾಯನಿಧಿಗೆ ಹೋಗುತ್ತದೆ. ಕಲಾವಿದರಿಗೆ ಅಲ್ಲಿ ಕಾರ್ಡು ಮಾಡುವುದು ಕೀಳೆಂದು ತೋರಿಲ್ಲ.

ಚಿತ್ರದುರ್ಗದ ಸೀಮೆಯಲ್ಲಿ ಇಂತಹುದು ಏಕೆ ಆಗಬಾರದು? ವಸ್ತುವಿಗೇನು ಬರಗಾಲವೇ? ಹಗಲು ಕಾದು ಸಂಜೆಗೆ ಕಪ್ಪಾಗಿ ನಿಲ್ಲುವ ಕೋಟೆಯ ಹೆಬ್ಬಂಡೆಗಳು ಕೊರೆಯುಳಿಯ ಬಿಳಿಗೆರೆಗಾಗಿಯೇ ಹುಟ್ಟಿದಂತಿವೆ. ಓಬವ್ವನ ಕಿಂಡಿಯ ಕತ್ತಲೆಯನ್ನು ಬಣ್ಣದ ಛಾಯಾಚಿತ್ರವು ಎಂದೂ ಹಿಡಿದಿಲ್ಲ, ಮರದಚ್ಚು ಹಿಡಿಯಬಲ್ಲುದು. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮಂಟಪದ ಚಾವಣಿಯಲ್ಲಿ ಪುರಾಣಕಥೆಗಳ ವರ್ಣಚಿತ್ರಗಳಿವೆ. ಕತ್ತೆತ್ತಿ ನೋಡುವವರಿಗೆ ಆ ಚಿತ್ರಕಾರರು ಗೆರೆಯಲ್ಲಿ ಎಂತಹ ಗಟ್ಟಿಗರೆಂಬುದು ತಿಳಿಯುತ್ತದೆ. ಹೊಳಲ್ಕೆರೆಯ ಬಯಲು ಗಣಪತಿಯನ್ನು ಕಂಡು ಕೈಮುಗಿದು ಬಂದವರು, ಮಗನ ಲಗ್ನಪತ್ರಿಕೆಯ ಮೇಲೆ ಮಾತ್ರ ಯಾವ ಊರಿನವನೂ ಅಲ್ಲದ ಹೊನ್ನಿನ ಗಣಪತಿಯನ್ನು ತರಿಸುತ್ತಾರೆ! ಹೊಸದುರ್ಗದ ಬೆಟ್ಟದ ಕೋಟೆ, ಬಾಗೂರಿನ ಚೆನ್ನಕೇಶವನ ಗುಡಿ, ವೇದಾವತಿಯ ದಂಡೆಯ ತೆಂಗಿನ ತೋಟ, ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಇಂದಿನ ಗಾಳಿಯಂತ್ರಗಳು ಕೂಡ, ಯಾವುದು ಕಾರ್ಡಿಗೆ ಅಯೋಗ್ಯವಾದುದು?

1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದು, 89 ವರುಷಗಳ ಮೇಲೆ 2022ರಲ್ಲಿ ಮತ್ತೆ ಕೋಡಿ ಬಿತ್ತು. ಎರಡು ತಲೆಮಾರುಗಳು ಕಾಣದ ನೀರನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೊರಟಿತು. ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲು. ಅಂದು ತೆಗೆದ ಚಿತ್ರಗಳಲ್ಲಿ ಇಂದು ಮನೆಯ ಗೋಡೆಯ ಮೇಲೆ ಉಳಿದಿರುವುವು ಎಷ್ಟು? ಮೊಬೈಲಿನ ಶುಭಾಶಯಕ್ಕೆ ಖರ್ಚಿಲ್ಲವೆಂಬುದೇ ಅದರ ಪರವಾಗಿ ಹೇಳುವ ದೊಡ್ಡ ಮಾತು. ಖರ್ಚಿಲ್ಲವೆಂಬುದು ದಿಟ, ಯಾರೋ ಮಾಡಿದುದನ್ನು ಯಾರೋ ಕಳುಹಿಸಿ, ಅದನ್ನೇ ಇನ್ನು ಇನ್ನೂರು ಮಂದಿಗೆ ಒಂದೇ ಬೆರಳಿನಿಂದ ದೂಡಿದ ಶುಭಾಶಯದಲ್ಲಿ ಕಳುಹಿಸಿದವನ ಪಾಲು ಎಷ್ಟು? ಪಡೆದವನಿಗೂ ಅದು ತಿಳಿದಿದೆ. ಸಂಜೆಗೆ ಅಳಿಸಿಬಿಡುತ್ತಾನೆ.

ಲಗ್ನಪತ್ರಿಕೆಯ ವಿಷಯದಲ್ಲಿ ಬಡತನದ ನೆಪವೂ ನಿಲ್ಲದು. ಮಕಮಲ್ಲಿನ ಪೆಟ್ಟಿಗೆ, ರೇಷ್ಮೆಯ ದಾರ, ನಾಲ್ಕು ಮಡಿಕೆಯ ದಪ್ಪ ಕಾಗದ, ಇವುಗಳಿಗೆ ಈ ಊರುಗಳ ಗೃಹಸ್ಥರು ಧಾರಾಳವಾಗಿ ವೆಚ್ಚಮಾಡುತ್ತಾರೆ. ಶಿವಕಾಶಿಯಿಂದ ಸಿದ್ಧವಾಗಿ ಬರುವ ಬರಿಯ ಕಾರ್ಡಿನ ಮೇಲೆ ವಧೂವರರ ಹೆಸರನ್ನು ತುಂಬುವುದೇ ಊರಿನ ಮುದ್ರಕನ ಪಾಲಿಗೆ ಉಳಿದಿದೆ. ಶಿವಕಾಶಿಯ ಕೆಲಸಗಾರರ ಮೇಲೆ ದೋಷವಿಲ್ಲ. ಕೇಳಿದುದನ್ನು ಅವರು ಚೊಕ್ಕಟವಾಗಿ ಮಾಡಿಕೊಡುತ್ತಾರೆ. ದೋಷವು ಕೇಳುವವರದು. ತಾಲ್ಲೂಕು ಊರುಗಳ ಅಚ್ಚುಕೂಟಗಳಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರಗಳು ಒಂದು ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸದ್ದುಮಾಡುತ್ತಿದ್ದುವು. ಆಫ್‌ಸೆಟ್ ಬಂದ ಮೇಲೆ ಅವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದುವು. ಮೊಳೆಗಳು ಕರಗಿ ಸೀಸವಾದುವು. ಅಳಿದುಳಿದ ಯಂತ್ರಗಳು ಬಿಲ್ಲು ಪುಸ್ತಕಗಳಿಗೆ ನಂಬರು ಹಾಕುವುದಕ್ಕೂ, ರಸೀತಿಗಳನ್ನು ಹರಿಯಲು ತೂತಿನ ಗೆರೆ ಒತ್ತುವುದಕ್ಕೂ ದುಡಿಯುತ್ತಿವೆ. ಮರದಚ್ಚಿಗೆ ಬೇಕಾದುದು ಆ ಯಂತ್ರವೇ, ಅದನ್ನು ಬಲ್ಲ ಮುದುಕನ ಕೈಯೇ. ಇವೆರಡೂ ಹೋದ ಮೇಲೆ ಎಷ್ಟು ಹಣ ಸುರಿದರೂ ಈ ಮಾತನ್ನು ಮತ್ತೆ ಎತ್ತಲಾಗದು.

ಕೊರೆಯುವವರು ಎಲ್ಲಿ ಎಂದರೆ, ಹತ್ತಿರದಲ್ಲಿಯೇ ಇದ್ದಾರೆ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಅಚ್ಚುಚಿತ್ರದ ಕಲೆಯನ್ನು ಕಲಿಸುವ ಶಾಲೆಗಳಿವೆ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಪಿ. ಆರ್. ತಿಪ್ಪೇಸ್ವಾಮಿಯವರು ಚಿತ್ರಕಾರರಾಗಿಯೂ, ಮೈಸೂರಿನ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದವರಾಗಿಯೂ ಹೆಸರಾದರು. ಇಂತಹವರು ಹುಟ್ಟಿದ ಮಣ್ಣಿನಲ್ಲಿ ಇಂದು ಕಲಿತು ಬಂದ ತರುಣರು ನಾಮಫಲಕಗಳನ್ನು ಬರೆದು, ಮದುವೆಯ ಮಂಟಪಗಳಿಗೆ ಬಣ್ಣ ಬಳಿದು ಜೀವಿಸಬೇಕಾಗಿದೆ.

ಮೂಗು ಮುರಿಯುವ ಪಕ್ಷದವರ ವಾದದಲ್ಲಿ ಒಂದು ಅಂಶವು ಮಾತ್ರ ಸಾಧುವಾದುದು, ಅದನ್ನು ಮುಚ್ಚಿಡಬಾರದು. ಹಳೆಯ ಗ್ರಂಥದ ಚಿತ್ರವನ್ನು ಯಂತ್ರದಿಂದ ನಕಲೆತ್ತಿ, ಕುಗ್ಗಿಸಿ, ಬೂದುಬಣ್ಣಕ್ಕಿಳಿಸಿ, ಕೊರೆದವರ ಹೆಸರನ್ನು ತೊಡೆದು, ‘ಮರದಚ್ಚು’ ಎಂದು ಮಾರುವ ವ್ಯಾಪಾರವು ಲೋಕದಲ್ಲಿ ಬೆಳೆದಿದೆ. ಅದು ಚಿತ್ರಕ್ಕೂ ಕೊಳ್ಳುವವನಿಗೂ ಮಾಡುವ ಮೋಸ. ಜಿಲ್ಲೆಯಲ್ಲಿ ಈ ಕೆಲಸವು ಮೊದಲಾಗುವುದಾದರೆ ಕಾರ್ಡು ಅಚ್ಚಿನಿಂದಲೇ ಒತ್ತಲ್ಪಡಬೇಕು. ಹಿಂಬದಿಯಲ್ಲಿ ಕೊರೆದವನ ಹೆಸರೂ, ಒತ್ತಿದ ಅಚ್ಚುಕೂಟದ ಹೆಸರೂ, ಚಿತ್ರದ ಸ್ಥಳವೂ ಇರಬೇಕು. ಮೊದಲ ವರುಷ ಒಂದು ಸಂಘವು ನಾಲ್ಕು ಊರುಗಳಿಗೆ ನಾಲ್ಕು ಅಚ್ಚುಗಳನ್ನು ಕೊರೆಯಿಸಿದರೆ ಸಾಕು. ಅಚ್ಚು ಸವೆಯದಾದುದರಿಂದ ವೆಚ್ಚವು ಮೊದಲ ವರುಷದ್ದೇ ಹೆಚ್ಚು. ಅದೇ ಬಯಲು ಗಣಪತಿಯು ಹತ್ತು ಮದುವೆಗಳ ಪತ್ರಿಕೆಯಲ್ಲಿ ಕುಳಿತುಕೊಳ್ಳಬಲ್ಲನು. ಮರವು ಹಸಿಯಾಗಿದ್ದರೆ ಸೀಳುತ್ತದೆ, ಚೆನ್ನಾಗಿ ಆರಬೇಕು. ಕೊರೆಯುವುದಕ್ಕೂ ವಾರಗಳು ಹಿಡಿಯುತ್ತವೆ. ಬರುವ ಯುಗಾದಿಗೆ ಇಂತಹ ಕಾರ್ಡು ಬೇಕೆನ್ನುವ ಮನೆಯವರು ದೀಪಾವಳಿಗೆ ಮುಂಚೆಯೇ ಕೊರೆಯುವವನನ್ನು ಕಂಡು, ಚಿತ್ರವನ್ನು ಗೊತ್ತುಮಾಡಿ, ಮುಂಗಡವನ್ನು ಕೊಟ್ಟಿರಬೇಕು. ಫಾಲ್ಗುಣದಲ್ಲಿ ಓಡಿ ಬಂದವರಿಗೆ ಅಂಗಡಿಯಲ್ಲಿ ಸಿಕ್ಕುವುದು ಹೊನ್ನಿನ ಮಸಿಯ ಕಾರ್ಡೇ.