ಯೋಗ್ಯತೆಯೂ ಅಧಿಕಾರವೂ

ವಿದ್ಯಾಲಯಗಳ ಪ್ರವೇಶದಲ್ಲಿಯೂ ಸರಕಾರದ ನೌಕರಿಯಲ್ಲಿಯೂ ಜಾತಿಯನ್ನೆಣಿಸಬಾರದು, ಯೋಗ್ಯತೆಯೊಂದನ್ನೇ ನೋಡಬೇಕು ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಆಗಾಗ್ಗೆ ಕೇಳಬರುತ್ತದೆ. ಮಾತೇನೋ ಇಂಪಾಗಿದೆ. ಆದರೆ ಇಂಪಾದ ಮಾತ್ರಕ್ಕೆ ಪೂರ್ವಪಕ್ಷವು ಸಿದ್ಧಾಂತವಾಗಲಾರದು.

ಈ ವಾದವು ಕನ್ನಡನಾಡಿಗೆ ಹೊಸದಲ್ಲ. 1918ರಲ್ಲಿ ಮೈಸೂರಿನ ಪ್ರಭುಗಳಾದ ನಾಲ್ವಡಿ ಕೃಷ್ಣರಾಜ ಒಡೆಯರವರ ಸರಕಾರವು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸಂಸ್ಥಾನದ ಜನರಲ್ಲಿ ನೂರಕ್ಕೆ ಐವರಷ್ಟೂ ಇಲ್ಲದ ಬ್ರಾಹ್ಮಣರೇ ಆಗ ದೊಡ್ಡ ಹುದ್ದೆಗಳಲ್ಲಿ ಬಹುಭಾಗವನ್ನು ಹೊಂದಿದ್ದರು. ಏಳು ವರ್ಷಗಳೊಳಗಾಗಿ ಮೇಲಣ ಹುದ್ದೆಗಳಲ್ಲಿ ಅರ್ಧ ಪಾಲೂ ಕೆಳಗಣವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಇತರ ಜನಾಂಗಗಳಿಗೆ ಸಲ್ಲಬೇಕೆಂದು ಗೊತ್ತಾಯಿತು. ದಲಿತ ವರ್ಗಗಳಲ್ಲಿ ತಕ್ಕ ಅರ್ಹತೆಯುಳ್ಳವರು ದೊರೆತರೆ ಅವರಿಗೆ ಮೊದಲ ಮನ್ನಣೆಯೆಂದೂ ಸರಕಾರದ ಆಜ್ಞೆಯಾಯಿತು. ಅರ್ಹತೆಯಿಲ್ಲದವರನ್ನು ತುಂಬಿರೆಂದು ಯಾರೂ ಹೇಳಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಈ ನೀತಿಗೆ ಒಡಂಬಡದೆ ಪದವಿಯನ್ನೇ ತ್ಯಜಿಸಿದರು. ಅವರ ನಿಃಸ್ವಾರ್ಥತೆಯಲ್ಲಿ ಸಂದೇಹಕ್ಕೆಡೆಯಿಲ್ಲ. ಮೊದಲು ಎಲ್ಲರಿಗೂ ವಿದ್ಯೆ ಹಬ್ಬಲಿ, ಹುದ್ದೆಗಳು ತಾವಾಗಿ ಹಂಚಿಹೋಗುವುವೆಂಬುದು ಅವರ ಮತ. 1913ರ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವೂ ಅವರ ಕಾಲದ್ದೇ. ಆದರೆ ವಿದ್ಯೆ ಹಬ್ಬಲು ಒಂದೆರಡು ತಲೆಮಾರು ಬೇಕು. ಅಲ್ಲಿಯವರೆಗೆ ಮಣೆಯ ಮೇಲೆ ಕುಳಿತವರೇ ಉಣ್ಣುತ್ತಿರಲಿ, ಬಾಗಿಲಲ್ಲಿ ನಿಂತವರು ಕಾಯುತ್ತಿರಲಿ ಎನ್ನುವುದು ಹೇಗೆ ನ್ಯಾಯವಾದೀತು?

ಇನ್ನು ಯೋಗ್ಯತೆಯ ವಿಚಾರ. ಬ್ರಹ್ಮಸೂತ್ರಗಳಲ್ಲಿ ಅಪಶೂದ್ರಾಧಿಕರಣವೆಂಬ ಭಾಗವೊಂದುಂಟು. ವಿದ್ಯೆಯಲ್ಲಿ ಅಪೇಕ್ಷೆಯಿದ್ದರೂ, ಲೌಕಿಕವಾದ ಸಾಮರ್ಥ್ಯವಿದ್ದರೂ ಅಷ್ಟರಿಂದಲೇ ಶೂದ್ರನಿಗೆ ಅಧಿಕಾರ ಬಾರದೆಂದು ಅಲ್ಲಿ ಶಂಕರಭಾಷ್ಯವು ನಿರ್ಣಯಿಸುತ್ತದೆ. ಎಂದರೆ, ಯೋಗ್ಯತೆಯೊಂದೇ ಸಾಲದು, ಹುಟ್ಟೂ ಬೇಕೆಂದು ಹೇಳಿದವರು ಈ ಪಕ್ಷದವರ ಪೂರ್ವಿಕರೇ ಹೊರತು ಬೇರೆಯವರಲ್ಲ. ಅದು ವೇದವಿದ್ಯೆಗೆ ಮಾತ್ರ ಸಂಬಂಧಿಸಿದ್ದೆಂದು ಕೆಲವರು ಸಮಾಧಾನ ಹೇಳುವರು. ಹಾಗಾದರೆ ಊರ ಶಾಲೆಯ ಜಗಲಿಯನ್ನೂ ಕೆರೆಯ ನೀರನ್ನೂ ಯಾವ ವೇದವೆಂದು ಮುಚ್ಚಿಟ್ಟರು? ನೂರಾರು ವರ್ಷ ಹುಟ್ಟನ್ನು ಕೇಳಿ ಬಾಗಿಲು ಹಾಕಿದವರು, ಬಾಗಿಲು ತೆರೆದ ಮಾರನೆಯ ದಿನವೇ ಹುಟ್ಟನ್ನು ಕೇಳುವುದು ಪಾಪವೆಂದರೆ ನಂಬುವವರಾರು?

ಈ ತತ್ತ್ವನಿಷ್ಠೆಯ ನಿಜಸ್ವರೂಪವು 2019ರಲ್ಲಿ ಪ್ರಕಟವಾಯಿತು. ಆ ವರ್ಷ ಸಂವಿಧಾನದ 103ನೆಯ ತಿದ್ದುಪಡಿಯು, ಅದುವರೆಗೆ ಮೀಸಲಾತಿಗೆ ಸೇರದಿದ್ದ ಜಾತಿಗಳ ಬಡವರಿಗೆ ನೂರಕ್ಕೆ ಹತ್ತರವರೆಗೆ ಮೀಸಲಿಡಲು ಅವಕಾಶ ಕೊಟ್ಟಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಬಡವರು ಈ ಪಾಲಿನಿಂದ ಹೊರಗುಳಿದರು. ಯೋಗ್ಯತೆ ಕೆಡುವುದೆಂಬ ಕೂಗು ಆಗ ಅದೆಷ್ಟು ಮನೆಗಳಿಂದ ಹೊರಟಿತು? ಪರರಿಗೆ ಕೊಟ್ಟಾಗ ಕೆಡುವ ಯೋಗ್ಯತೆಯು ತಮಗೆ ಬಂದಾಗ ಕೆಡದಿದ್ದರೆ, ಅದು ತತ್ತ್ವವಲ್ಲ, ಸ್ವತ್ತು.

ಮೀಸಲಾತಿಯಲ್ಲಿ ದೋಷಗಳಿಲ್ಲವೆಂದಲ್ಲ. ಹಿಂದುಳಿದ ವರ್ಗಗಳಲ್ಲಿಯೂ ಮುಂದೆ ಬಂದವರೇ ಮತ್ತೆ ಮತ್ತೆ ಫಲವನ್ನುಣ್ಣುವುದುಂಟು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥವರನ್ನು ಹೊರಗಿಡಬೇಕೆಂದುದು ಯುಕ್ತವೇ. ಹಂಚಿಕೆ ಸರಿಯಿಲ್ಲವೆಂದರೆ ತಿದ್ದಬೇಕಾದುದು ಹಂಚಿಕೆಯನ್ನು. ಅನ್ನವನ್ನೇ ಚೆಲ್ಲಬೇಕೆನ್ನುವುದು ಉಂಡವರ ಮಾತು.

ಆದುದರಿಂದ ಸಮಾನಾವಕಾಶವನ್ನು ಬೋಧಿಸುವ ಮಹನೀಯರು ಮೊದಲು ತಮ್ಮ ಮನೆಯ ಕಪಾಟನ್ನೂ, ಅಜ್ಜನ ಓಲೆಗರಿಗಳನ್ನೂ, ಮಗುವಿಗೆ ಪಾಠ ಹೇಳಬಲ್ಲ ತಾಯಿಯನ್ನೂ ಒಮ್ಮೆ ನೋಡಲಿ. ಇವು ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಾಣವು. ಆದರೆ ಅಂಕಗಳೊಳಗೆ ಸೇರಿಯೇ ಇರುವುವು. ಇಷ್ಟನ್ನು ಎಣಿಕೆಗೆ ತಂದುಕೊಂಡ ಮೇಲೆ ಯೋಗ್ಯತೆಯ ಮಾತನ್ನಾಡಿದರೆ ಅದಕ್ಕೆ ಬೆಲೆಯುಂಟು.