ದಾನದ ಎಮ್ಮೆಯ ಹಲ್ಲು

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂದು ಆಡಿಕೊಳ್ಳುವ ಗಾದೆಯನ್ನು ಕಟ್ಟಿದವನು ಎಮ್ಮೆ ಕೊಟ್ಟವನೇ ಇರಬೇಕು. ಮುದಿ ಎಮ್ಮೆಗೂ ದಿನಾ ಹುಲ್ಲು ಹಾಕಬೇಕು, ಕೊಟ್ಟಿಗೆಯಲ್ಲಿ ಜಾಗ ಬಿಡಬೇಕು, ಸತ್ತರೆ ಗುಂಡಿ ತೋಡಬೇಕು. ಇದೆಲ್ಲ ಪಡೆದವನ ಪಾಲಿನ ಕೆಲಸ. ಹಲ್ಲು ನೋಡುವ ಹಕ್ಕು ಮಾತ್ರ ಅವನಿಗಿಲ್ಲ!

ಹಳೆಯ ಮಂಚ, ಬೀರು, ಮಿಕ್ಸಿ, ಹಾಸಿಗೆ, ಪಾತ್ರೆಗಳನ್ನು ಸಂಗ್ರಹಿಸಿ ಬಡ ಕುಟುಂಬಗಳಿಗೆ ತಲುಪಿಸುತ್ತೇವೆ ಎನ್ನುವ ಸಂದೇಶಗಳು ದೀಪಾವಳಿಯ ಹೊತ್ತಿಗೆ, ವರ್ಗಾವಣೆಯ ತಿಂಗಳುಗಳಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತವೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಸಂದೇಶವನ್ನು ಸರಿಯಾಗಿ ಓದಿ. ಅದು ಶುರುವಾಗುವುದು ‘ನಿಮಗೆ ಬೇಡವಾದ’ ಎಂಬಲ್ಲಿಂದ. ಯಾರಿಗೆ ಏನು ಬೇಕು ಎಂಬ ಪಟ್ಟಿಯನ್ನು ನಾನಂತೂ ಒಮ್ಮೆಯೂ ನೋಡಿಲ್ಲ. ಅಂಥ ಒಂದು ಸಂಗ್ರಹದ ಸಾಮಾನು ಇಳಿಸುವಾಗ ಜೊತೆಗಿದ್ದೆ. ಜಾರ್ ಇಲ್ಲದ ಮಿಕ್ಸಿ, ವೈರು ಕಿತ್ತ ಇಸ್ತ್ರಿಪೆಟ್ಟಿಗೆ, ತಿಗಣೆ ಹತ್ತಿದ ದಿವಾನ, ಮಳೆಗಾಲದ ಥಂಡಿಗೆ ಉಬ್ಬಿ ಹಿಟ್ಟಾಗುತ್ತಿದ್ದ ಪಾರ್ಟಿಕಲ್ ಬೋರ್ಡಿನ ಕಪಾಟು. ಕಪಾಟು ಆ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಜಗಲಿಯ ಮೇಲೆ ನಿಲ್ಲಿಸಿ, ಮನೆಯಾಕೆಯನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೊ ತೆಗೆದರು. ‘ಇದು ಬೇಡ’ ಎಂದು ಆಕೆ ಹೇಳುವುದು ಹೇಗೆ? ಹೇಳಿದರೆ ಮುಂದಿನ ಸಲ ಅಕ್ಕಿಯೂ ಬರಲಿಕ್ಕಿಲ್ಲ.

ಬೇಡ ಎನ್ನಲಾಗದ ಕೊಡುಗೆ ಕೊಡುಗೆಯಲ್ಲ, ವಿಲೇವಾರಿ ಎಂಬುದು ನನ್ನ ವಾದ. ಇದು ನನ್ನ ಕೊಂಕು ಅನ್ನಿಸಿದರೆ ಸರ್ಕಾರಿ ಕಾರ್ಯಕ್ರಮವನ್ನೇ ನೋಡಿ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2023ರ ಮೇ ತಿಂಗಳಲ್ಲಿ ‘ಮೇರಿ ಲೈಫ್, ಮೇರಾ ಸ್ವಚ್ಛ್ ಶಹರ್’ ಎಂಬ ಅಭಿಯಾನ ಆರಂಭಿಸಿತು. ಹಳೆಯ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆಗಳನ್ನು ಜನ ತಂದುಕೊಡಲು ನಗರಗಳಲ್ಲಿ ‘ಆರ್ಆರ್ಆರ್’ ಕೇಂದ್ರಗಳನ್ನು ತೆರೆಯಿರಿ, ಜೂನ್ 5ರ ಪರಿಸರ ದಿನದವರೆಗೆ ನಡೆಸಿ ಎಂದಿತು. ಯೋಜನೆ ಬಂದದ್ದು ಸಮಾಜ ಕಲ್ಯಾಣದಿಂದಲ್ಲ, ಸ್ವಚ್ಛ ಭಾರತ ಮಿಷನ್ ಅಡಿಯಲ್ಲಿ. ಅಂದರೆ ಊರಿನ ಕಸ ಕಡಿಮೆ ಮಾಡುವ ಲೆಕ್ಕದಲ್ಲಿ. ಮರುಬಳಕೆ ಖಂಡಿತ ಒಳ್ಳೆಯದು, ನನ್ನ ತಕರಾರು ಅದಕ್ಕಲ್ಲ. ಕಸ ಕಡಿಮೆಯಾದದ್ದಕ್ಕೆ ಬಡವರು ನಮಗೆ ಕೃತಜ್ಞರಾಗಿರಬೇಕು ಎಂದು ಬಯಸುತ್ತೇವಲ್ಲ, ಅದಕ್ಕೆ.

2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಬದಿಗಳಲ್ಲಿ ದಾನದ ಬಟ್ಟೆಗಳು ರಾಶಿರಾಶಿ ಬಿದ್ದಿದ್ದವು. ಮನೆ ಕಳೆದುಕೊಂಡ ಮೀನುಗಾರರು ಅವನ್ನು ಮುಟ್ಟಲಿಲ್ಲ. ಸೊಕ್ಕು ಎಂದವರೂ ಇದ್ದರು. ಆ ರಾಶಿಗಳನ್ನು ಎತ್ತಿ ವಿಂಗಡಿಸಿ ಬಳಸಿದ ಸಂಸ್ಥೆಗಳಲ್ಲಿ ಒಂದು, ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ಕಟ್ಟಿದ ‘ಗೂಂಜ್’. ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯವರು ತಮ್ಮ ಊರಿಗೆ ಬೇಕಾದ ಬಾವಿ, ದಾರಿ, ಕೆರೆಯ ಕೆಲಸವನ್ನು ತಾವೇ ಆರಿಸಿ ಮಾಡುತ್ತಾರೆ, ಅದಕ್ಕೆ ಪ್ರತಿಯಾಗಿ ಸಾಮಾನಿನ ಗಂಟು ಪಡೆಯುತ್ತಾರೆ. ಭಿಕ್ಷೆಯ ಅವಮಾನ ಇರುವುದಿಲ್ಲ ಎಂಬುದು ಅವರ ಕ್ರಮ. ನಮ್ಮ ಸಂಗ್ರಹ ಶೂರರಿಗಿಂತ ಇದು ಎಷ್ಟೋ ಮೇಲು. ಆದರೂ ಒಂದು ಮುಳ್ಳು ಉಳಿಯುತ್ತದೆ. ಕೊಟ್ಟವರು ಬೆವರು ಸುರಿಸದೆ ಕಪಾಟು ಖಾಲಿ ಮಾಡಿಕೊಂಡ ಬಟ್ಟೆಗೆ, ಪಡೆಯುವವರು ಮಾತ್ರ ಗುದ್ದಲಿ ಹಿಡಿದು ಯೋಗ್ಯತೆ ತೋರಿಸಬೇಕೆ?

ಬ್ರಿಟನ್ನಿನಲ್ಲಿ 1988ರ ಅಗ್ನಿಸುರಕ್ಷಾ ನಿಯಮದ ಕಾರಣ, ಬೆಂಕಿಗೆ ಸಂಬಂಧಿಸಿದ ಲೇಬಲ್ ಇಲ್ಲದ ಹಳೆಯ ಸೋಫಾವನ್ನು ದತ್ತಿ ಅಂಗಡಿಗಳು ಒಯ್ಯುವುದಿಲ್ಲ. ದಾನಿ ಎಷ್ಟೇ ಉದಾರಿಯಾಗಲಿ, ಸೋಫಾ ಅವನ ಮನೆಯಲ್ಲೇ ಉಳಿಯುತ್ತದೆ. ಎಮ್ಮೆಯ ಹಲ್ಲನ್ನು ಅಲ್ಲಿ ಕಾನೂನೇ ಹಿಡಿದು ನೋಡುತ್ತದೆ. ನಮ್ಮಲ್ಲಿ ವೈರು ಕಿತ್ತ ಇಸ್ತ್ರಿಪೆಟ್ಟಿಗೆಯನ್ನು ಶೀಟಿನ ಮನೆಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳಬಹುದು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವರು. ಅದಕ್ಕೂ ಹಳೆಯದು ಕಠೋಪನಿಷತ್ತಿನ ನಚಿಕೇತನ ಕತೆ. ಯಾಗ ಮಾಡಿ ಎಲ್ಲವನ್ನೂ ಕೊಡಲು ಹೊರಟ ತಂದೆ ಹಾಲು ಬತ್ತಿದ ಹಸುಗಳನ್ನು ಕೊಡುತ್ತಿದ್ದುದನ್ನು ಕಂಡು ಹುಡುಗ ತಳಮಳಿಸಿದ. ಹಲ್ಲು ನೋಡಿದವನು ಪಡೆದವನಲ್ಲ, ಕೊಟ್ಟವನ ಮಗ! ಅದಕ್ಕೆ ಅವನಿಗೆ ಸಿಕ್ಕಿದ್ದು ಯಮನ ಮನೆಯ ದಾರಿ. ನಾವೂ ಅವನ ಹಿಂದೆಯೇ ಯಮನ ಮನೆಗೆ ಓಡಿ ಆತ್ಮವಿದ್ಯೆ ಚರ್ಚಿಸುತ್ತೇವೆ. ಆ ಹಸುಗಳ ಹತ್ತಿರ ಯಾವ ಸೆಮಿನಾರೂ ನಿಲ್ಲುವುದಿಲ್ಲ.

ಹಾಗಾದರೆ ಹಳೆಯದನ್ನು ಕೊಡಲೇಬಾರದೆ ಎಂದು ಕೇಳುತ್ತೀರಿ. ಶಂಕರಘಟ್ಟದ ನಮ್ಮ ಹಾಸ್ಟೆಲುಗಳಲ್ಲಿ ರೂಮು ಬಿಡುವವರು ಬಕೆಟ್ಟು, ಹಾಸಿಗೆ, ಟೇಬಲ್ ಲ್ಯಾಂಪನ್ನು ಜೂನಿಯರುಗಳಿಗೆ ಬಿಟ್ಟುಹೋಗುತ್ತಾರೆ. ಜೂನಿಯರ್ ಬಂದು ಹಾಸಿಗೆ ಮಗುಚಿ ನೋಡುತ್ತಾನೆ, ‘ಅಣ್ಣಾ, ಇದು ಬೇಡ, ಲ್ಯಾಂಪ್ ಸಾಕು’ ಅನ್ನುತ್ತಾನೆ. ಅಣ್ಣ ಬೈದುಕೊಂಡು ಹಾಸಿಗೆ ಎಸೆಯುತ್ತಾನೆ. ಇಬ್ಬರಿಗೂ ಬೇಜಾರಿಲ್ಲ. ಗುಜರಿ ಅಂಗಡಿಯಲ್ಲೂ ಅಷ್ಟೇ: ಐವತ್ತು ರೂಪಾಯಿ ಕೊಡುವವಳು ಕುಕ್ಕರಿನ ತಳ ತಟ್ಟಿ ನೋಡುತ್ತಾಳೆ, ಚೌಕಾಸಿ ಮಾಡುತ್ತಾಳೆ, ಬೇಡವೆಂದರೆ ಎದ್ದು ಹೋಗುತ್ತಾಳೆ. ಆ ಐವತ್ತು ರೂಪಾಯಿ ಕೊಡುವ ಗೌರವವನ್ನು ನಮ್ಮ ಉಚಿತ ಕೊಡುಗೆ ಕೊಡುತ್ತಿಲ್ಲ.

ಆದ್ದರಿಂದ ಸಂಗ್ರಹ ಮಾಡುವ ಗೆಳೆಯರೇ, ಗೂಡ್ಸ್ ಆಟೋದ ಬಾಡಿಗೆಗೆ ಚಂದಾ ಎತ್ತುವ ಮೊದಲು ಬಡಗಿಗೂ ಮಿಕ್ಸಿ ರಿಪೇರಿಯವನಿಗೂ ಕೂಲಿ ಎತ್ತಿ. ಆ ಮನೆಯ ಬಾಗಿಲ ಅಗಲ ಅಳೆದು ಬನ್ನಿ. ಅವರಿಗೆ ಬೇಕಿರುವುದು ಸೊಳ್ಳೆಪರದೆಯೋ, ಕುಕ್ಕರಿನ ಗ್ಯಾಸ್ಕೆಟ್ಟೋ, ಮಳೆಗೆ ಸೋರುವ ಮಾಡಿಗೊಂದು ಟಾರ್ಪಾಲೋ ಕೇಳಿ; ಅದು ಯಾರ ಅಟ್ಟದ ಮೇಲೂ ಇರದಿದ್ದರೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಫೋಟೊ ತೆಗೆಯಲೇಬೇಕಾದರೆ ಕಪಾಟಿನದೊಂದನ್ನೇ ತೆಗೆದು ಮೊದಲು ಆ ಮನೆಯವರ ಫೋನಿಗೆ ಕಳಿಸಿ. ಬೇಕೋ ಬೇಡವೋ ಅವರು ಹೇಳಲಿ.