ಮರೆಮಾಚುವ ಮಮತೆ

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ರೋಗವು ತಗುಲಿದೆಯೆಂದು ತಿಳಿದೊಡನೆ ಆ ಸಂಗತಿಯನ್ನು ಮೊದಲು ರೋಗಿಯಿಂದಲೇ ಮುಚ್ಚಿಡಬೇಕೆಂಬ ಪದ್ಧತಿಯು ಕನ್ನಡನಾಡಿನಲ್ಲಿ ಬಲವಾಗಿ ಬೇರೂರಿರುವುದು. ವೈದ್ಯರು ಹಿರಿಯ ಮಗನನ್ನು ಹೊರಗೆ ಕರೆದು ಹೇಳುವರು. ಮಗನು ಚಿಕ್ಕಪ್ಪನಿಗೂ ಭಾವನಿಗೂ ಹೇಳುವನು. ಕಡೆಗೆ ಬೀಗರಿಗೂ ಬೀದಿಯವರಿಗೂ ಸುದ್ದಿಯು ಮುಟ್ಟುವುದು. ಹಾಸಿಗೆ ಹಿಡಿದ ತಂದೆಗೆ ಮಾತ್ರ ‘ಹೊಟ್ಟೆಯಲ್ಲಿ ಹುಣ್ಣಾಗಿದೆ, ವಾಸಿಯಾಗುವುದು’ ಎಂದು ಸಮಾಧಾನ ಹೇಳಲ್ಪಡುವುದು. ಇದಕ್ಕೆ ಮಮತೆಯೆಂದು ಹೆಸರು. ಮಮತೆಯಿಂದ ಹುಟ್ಟಿದುದೆಂಬುದು ದಿಟವೇ. ಆದರೆ ಮಮತೆಯಿಂದ ಹುಟ್ಟಿದುದೆಲ್ಲವೂ ಹಿತವಾಗಲಾರದು. ಈ ಮರೆಮಾಚುವಿಕೆಯು ರೋಗಿಗೆ ಆಸರೆಯಲ್ಲ, ಅನ್ಯಾಯ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ವಿಷಯದಲ್ಲಿ ಈ ಅನ್ಯಾಯವು ಇಮ್ಮಡಿಯಾಗುವುದು. ಜಠರದ ಹಿಂದೆ ಅಡಗಿರುವ ಆ ಗ್ರಂಥಿಯಲ್ಲಿ ರೋಗವು ಬಹುಕಾಲ ಸುಳಿವು ಕೊಡದೆ ಬೆಳೆಯುವುದರಿಂದ, ಅದು ಗೊತ್ತಾಗುವ ಹೊತ್ತಿಗೆ ಅನೇಕರಲ್ಲಿ ಯಕೃತ್ತಿನವರೆಗೆ ಹಬ್ಬಿ, ಶಸ್ತ್ರಚಿಕಿತ್ಸೆಯ ಕಾಲವು ಮೀರಿರುತ್ತದೆ. ಹೀಗೆ ಹಬ್ಬಿದ ರೋಗಕ್ಕೆ ನಾಲ್ಕು ಔಷಧಗಳನ್ನು ಕೂಡಿಸಿ ಕೊಡುವ ಕೀಮೋಥೆರಪಿಯನ್ನು ಫ್ರಾನ್ಸ್ ದೇಶದ ವೈದ್ಯರು ಪರೀಕ್ಷಿಸಿ, 2011ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹಿಂದಿನ ಒಂದೇ ಔಷಧವನ್ನು ಪಡೆದವರ ಮಧ್ಯಮ ಆಯುಷ್ಯವು 6.8 ತಿಂಗಳಾದರೆ, ಹೊಸ ಚಿಕಿತ್ಸೆಯವರದು 11.1 ತಿಂಗಳು. ಅದೂ ಮೈಯಲ್ಲಿ ತ್ರಾಣವುಳ್ಳವರನ್ನೇ ಆರಿಸಿ ಕೊಟ್ಟಾಗಿನ ಮಾತು. ಈ ಕೆಲವು ತಿಂಗಳುಗಳು ಯಾರವು? ಮುನಿದು ದೂರವಾದ ತಮ್ಮನನ್ನು ಕರೆಸಿಕೊಳ್ಳುವುದು, ಕೊಟ್ಟ ಸಾಲ ಪಡೆದ ಸಾಲಗಳ ಲೆಕ್ಕವನ್ನು ಹೆಂಡತಿಗೆ ತಿಳಿಸುವುದು, ಹುಟ್ಟಿದೂರನ್ನು ಇನ್ನೊಮ್ಮೆ ನೋಡಿ ಬರುವುದು, ಇವೆಲ್ಲ ರೋಗಿಯ ಬಯಕೆಗಳಾಗಿರಬಹುದು. ಕಾಲವು ಕಿರಿದೆಂದು ಅರಿಯದವನು ಇವನ್ನೆಲ್ಲ ಮುಂದಿನ ವರ್ಷಕ್ಕೆ ಮೀಸಲಿಡುವನು. ಮನೆಯವರು ಹಾಗೆ ಮೀಸಲಿಡಗೊಡುವರು!

ರೋಗದ ಹೆಸರು ಕೇಳಿದೊಡನೆ ರೋಗಿಯು ಎದೆಯೊಡೆದು ಸತ್ತಾನೆಂದು ಕೆಲವರು ಆಕ್ಷೇಪಿಸುವರು. ಆದರೆ ರೋಗಿಯು ಏನನ್ನೂ ಅರಿಯನೆಂಬುದೇ ಭ್ರಾಂತಿ. ಕಣ್ಣು ಹಳದಿಯಾದುದನ್ನೂ, ಅಂಗಿಯು ತಿಂಗಳಿಂದ ತಿಂಗಳಿಗೆ ಸಡಿಲವಾಗುವುದನ್ನೂ, ತಾನು ಒಳಗೆ ಬಂದೊಡನೆ ಮಾತು ನಿಲ್ಲುವುದನ್ನೂ ಅವನು ಕಾಣನೆ? ಅವನಿಗೆ ತಿಳಿದಿರುವುದು, ಅವನಿಗೆ ತಿಳಿದಿದೆಯೆಂದು ಮನೆಯವರಿಗೂ ಒಳಗೊಳಗೆ ಗೊತ್ತಿರುವುದು. ಆದರೂ ಹೆಂಡತಿಯು ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರಸಿಕೊಂಡು ನಗುತ್ತ ಹೊರಬರುವಳು. ಗಂಡನು ಗೋಡೆಯ ಕಡೆಗೆ ತಿರುಗಿ ಮಲಗುವನು. ನಲವತ್ತು ವರ್ಷ ಸುಖದುಃಖಗಳನ್ನು ಹಂಚಿಕೊಂಡ ದಂಪತಿಗಳು ಎಲ್ಲಕ್ಕಿಂತ ದೊಡ್ಡ ದುಃಖವನ್ನು ಒಬ್ಬೊಬ್ಬರೇ ಉಣ್ಣಬೇಕಾಗುವುದು.

ಇರಲಿ; ಮನಸ್ಸಿನ ಮಾತನ್ನು ಬಿಟ್ಟು ಚಿಕಿತ್ಸೆಯನ್ನೇ ನೋಡುವ. ಆ ನಾಲ್ಕರ ಕೂಟದ ಒಂದು ಔಷಧದಿಂದ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುವುದು, ಕುಡಿದರೆ ಗಂಟಲು ಬಿಗಿದಂತಾಗುವುದು. ಬಿಳಿಯ ರಕ್ತಕಣಗಳು ಕುಗ್ಗಿರುವಾಗ ಜ್ವರವು 100.4 ಡಿಗ್ರಿ ಮುಟ್ಟಿದರೆ ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗತಕ್ಕದ್ದು. ಗ್ರಂಥಿಯ ಜೀರ್ಣರಸವು ಸಾಲದೆ ಜಿಡ್ಡು ಅರಗದಿರುವಾಗ ಕೊಡುವ ಗುಳಿಗೆಗಳನ್ನು ಊಟದ ಜೊತೆಯಲ್ಲೇ ನುಂಗಬೇಕು. ಊಟವಾಗಿ ಬಹಳ ಹೊತ್ತಿನ ಮೇಲೆ ನುಂಗಿದರೆ ಪ್ರಯೋಜನವು ಕಡಮೆ. ಇವನ್ನೆಲ್ಲ ಪಾಲಿಸಬೇಕಾದವನು ರೋಗಿಯೇ. ತನಗಿರುವುದು ಬರಿಯ ಹುಣ್ಣೆಂದು ನಂಬಿದವನು ರಾತ್ರಿಯ ಜ್ವರವನ್ನು ಮಕ್ಕಳ ನಿದ್ದೆ ಕೆಡಿಸಬಾರದೆಂದು ನುಂಗಿಕೊಂಡು ಮಲಗಿದರೆ, ಆ ತಪ್ಪು ಯಾರದು?

ನೋವಿನ ಪರಿಹಾರಕ್ಕೂ ಈ ಗುಟ್ಟೇ ಅಡ್ಡಗೋಡೆಯಾಗಿದೆ. ವೈದ್ಯರು ಅಳತೆಯರಿತು ಕೊಡುವ ಮಾರ್ಫಿನ್ ಬಹುಮಂದಿಯ ನೋವನ್ನು ತಗ್ಗಿಸುವುದು. 1985ರ ಮಾದಕದ್ರವ್ಯಗಳ ಕಾಯಿದೆಯಿಂದ ಅದನ್ನು ಪಡೆಯಲು ಇದ್ದ ತೊಡಕುಗಳನ್ನು ಸಡಿಲಿಸಲೆಂದು 2014ರಲ್ಲಿ ತಿದ್ದುಪಡಿಯೂ ಆಯಿತು. ಬೆಂಗಳೂರಿನ ಕರುಣಾಶ್ರಯವನ್ನು ನಡೆಸುವ ಸಂಸ್ಥೆಯು 1994ರಲ್ಲಿ ಹುಟ್ಟಿತು. ಅಲ್ಲಿ ಇಂಥ ರೋಗಿಗಳಿಗೆ ಹಣ ಪಡೆಯದೆಯೇ ಶುಶ್ರೂಷೆ ನಡೆಯುವುದು. ಆದರೆ ಬಾಗಿಲ ಮೇಲಿನ ಹಲಗೆಯನ್ನೋದಿ ರೋಗಿಗೆ ನಿಜವು ತಿಳಿದೀತೆಂದು ಅಂಜಿ ಹಿಂಜರಿಯುವ ಮನೆಯವರಿರುವರು. ಉಪಶಮನ ಚಿಕಿತ್ಸೆಯು ಕೊನೆಯ ವಾರಕ್ಕೆ ಮೀಸಲಾದುದಲ್ಲ; ಕೀಮೋಥೆರಪಿಯೊಡನೆಯೇ ಮೊದಲಿಂದ ನಡೆಯತಕ್ಕದ್ದು. ಗುಟ್ಟನ್ನು ಕಾಯಲಿಕ್ಕಾಗಿ ರೋಗಿಯನ್ನು ನರಳಿಸುವುದು ಯಾವ ನ್ಯಾಯ?

ಕಾನೂನು ಸಹ ರೋಗಿಯ ಪಕ್ಷದಲ್ಲಿದೆ. ಗುಣವಾಗುವ ಆಸೆಯಿಲ್ಲದಾಗ ಯಂತ್ರಗಳಿಂದ ಉಸಿರನ್ನು ಎಳೆಯಿಸುವ ಚಿಕಿತ್ಸೆಯು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ಅದರ ಕ್ರಮವನ್ನು ಸುಲಭಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಆಜ್ಞೆ ಹೊರಡಿಸಿತು. ಆ ಪತ್ರವನ್ನು ರೋಗಿಯು ಬುದ್ಧಿ ಸ್ವಾಧೀನದಲ್ಲಿರುವಾಗ ತಾನೇ ಬರೆಯಬೇಕು. ತನಗೇನಾಗಿದೆಯೆಂಬುದನ್ನೇ ತಿಳಿಯದವನು ಏನನ್ನು ಬರೆದಾನು?

ತಿಳಿಯಲು ಒಲ್ಲದ ರೋಗಿಗಳೂ ಉಂಟೆಂಬ ಆಕ್ಷೇಪವೊಂದು ಉಳಿಯುವುದು. ಉಂಟು, ತಿಳಿಯದಿರುವುದೂ ಅವರ ಹಕ್ಕೇ. ಆದರೆ ‘ಒಲ್ಲೆ’ ಎಂಬ ಮಾತು ರೋಗಿಯ ಬಾಯಿಂದ ಬರಬೇಕೇ ಹೊರತು ಮಗನ ಬಾಯಿಂದಲ್ಲ. ‘ನಿಮ್ಮ ಕಾಯಿಲೆಯ ವಿಷಯ ಎಷ್ಟು ತಿಳಿಯಬೇಕೆಂದಿರುವಿರಿ?’ ಎಂದು ವೈದ್ಯರು ಮೊದಲು ಅವನನ್ನೇ ಕೇಳಲಿ. ಕೇಳಿದಷ್ಟನ್ನು, ತಾಳುವಷ್ಟನ್ನು, ಒಂದೇ ಸಲಕ್ಕಲ್ಲ, ದಿನಕ್ಕಿಷ್ಟರಂತೆ ಮೆಲ್ಲನೆ ತಿಳಿಸಲಿ. ‘ನೋವನ್ನು ತಡೆಯುವೆವು, ಕೈಬಿಡೆವು’ ಎಂಬ ಭರವಸೆಯನ್ನೂ ಅದರ ಜೊತೆಗೇ ಕೊಡಲಿ. ಅದು ಸುಳ್ಳಾಗದಂತೆ ನಡೆದುಕೊಳ್ಳಲಿ. ಮನೆಯವರು ಆಗ ಪಕ್ಕದಲ್ಲಿ ಕುಳಿತು ಕೈ ಹಿಡಿದಿರಲಿ. ನಟನೆಗೆ ವ್ಯಯವಾಗುತ್ತಿದ್ದ ಶಕ್ತಿಯು ಆಗ ಶುಶ್ರೂಷೆಗೆ ಒದಗುವುದು. ರೋಗಿಗೂ ತನ್ನ ಮನೆಯವರೊಡನೆ ಮನಬಿಚ್ಚಿ ಮಾತನಾಡುವ ಅವಕಾಶವು ಮರಳಿ ದೊರೆಯುವುದು.